ಮೂಲೆಯಲ್ಲಿ ನಿಂತವನ ಲೆಕ್ಕ

ಕ್ಯಾತನಹಳ್ಳಿಯಲ್ಲಿ ಯಾರಿಗಾದರೂ ಹೊಸದಾಗಿ ನಾಲ್ಕು ಜನ ಶತ್ರುಗಳು ಬೇಕು ಅನ್ನಿಸಿದರೆ, ಅದಕ್ಕೆ ಪಕ್ಕದ ಗದ್ದೆಯ ಬದು ಕಡಿಯಬೇಕಾಗಿಲ್ಲ, ಅಪರಾತ್ರಿಯಲ್ಲಿ ತೂಬು ತಿರುಗಿಸಬೇಕಾಗಿಲ್ಲ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಬಹುಮಾನ ಆಯ್ಕೆ ಸಮಿತಿಗೆ ಒಪ್ಪಿಕೊಂಡರೆ ಸಾಕು. ನಾನು ಒಪ್ಪಿಕೊಂಡೆ. ಮೇಷ್ಟರ ಕೆಲಸದಿಂದ ನಿವೃತ್ತನಾದವನಿಗೆ ಊರು ಎರಡೇ ಕೆಲಸ ಉಳಿಸಿರುತ್ತದೆ: ಮದುವೆ ಪತ್ರಿಕೆಯ ಕಾಗುಣಿತ ತಿದ್ದುವುದು, ಸಮಿತಿಯಲ್ಲಿ ಕೂರುವುದು. ಕಾಗುಣಿತ ತಿದ್ದಿದರೆ ಊಟಕ್ಕಾದರೂ ಕರೆಯುತ್ತಾರೆ.

ಬೆಸ್ಟ್ ರೈಡರ್ ಯಾರು ಅನ್ನುವುದನ್ನು ನಾವು ಆರಿಸಲೇ ಇಲ್ಲ. ಮೈದಾನವೇ ಆರಿಸಿಕೊಂಡಿತ್ತು. ಹುಡುಗ ಗೆರೆ ಮುಟ್ಟಿ ವಾಪಸು ಬಂದಾಗಲೆಲ್ಲ ತೊಡೆ ತಟ್ಟುತ್ತಿದ್ದ, ಜನ ಶಿಳ್ಳೆ ಹಾಕುತ್ತಿದ್ದರು, ಮೈಕಿನವನು ಅವನಿಗೆ ದಿನಕ್ಕೊಂದು ಬಿರುದು ಕೊಡುತ್ತಿದ್ದ. ಗೋಜಲಾದದ್ದು ಬೆಸ್ಟ್ ಕ್ಯಾಚರ್ ವಿಷಯದಲ್ಲಿ. ಸ್ಕೋರ್ ಹಾಳೆ ನೋಡಿದರೆ ಫೈನಲ್ ಆಡಿದ ಒಂದು ತಂಡದ ಬಲ ಮೂಲೆಯ ಹುಡುಗ ಒಂಬತ್ತು ಜನರನ್ನು ಹಿಡಿದಿದ್ದ. ಅದೇ ತಂಡದ ಎಡ ಮೂಲೆಯವನು ಹಿಡಿದದ್ದು ಎರಡು. ಒಂಬತ್ತು ದೊಡ್ಡದೋ ಎರಡು ದೊಡ್ಡದೋ ಅನ್ನುವುದಕ್ಕೆ ಮೇಷ್ಟ್ರೇ ಬೇಕೆ ಅಂದುಕೊಂಡು ಹೆಸರು ಬರೆದು ಮೈಕಿನವನ ಕೈಗೆ ಚೀಟಿ ಕೊಟ್ಟೆ.

ಸ್ಟೇಜಿನಿಂದ ಇಳಿಯುವಷ್ಟರಲ್ಲಿ ಹೆಗಲ ಮೇಲೆ ಹಸಿರು ಟವೆಲ್ ಹಾಕಿದ್ದ ಹಿರಿಯರೊಬ್ಬರು ತೋಳು ಹಿಡಿದುಕೊಂಡರು. ಹಿಡಿತ ನೋಡಿದರೇ ಒಂದು ಕಾಲದ ಕ್ಯಾಚರ್ ಅನ್ನುವುದು ಗೊತ್ತಾಗುತ್ತಿತ್ತು.

“ಮೇಷ್ಟ್ರೇ, ಆ ಬಲಗಡೆ ಹೈದ ಒಂಬತ್ತು ಹಿಡಿದ, ಸರಿ. ಯಾಕೆ ಹಿಡಿದ?”

“ಚೆನ್ನಾಗಿ ಆಡ್ದ, ಹಿಡಿದ.”

“ಅಲ್ಲ ಕಣ್ ಮೇಷ್ಟ್ರೇ. ಬಂದೋರೆಲ್ಲ ಅವನ್ತಕೇ ಬಂದ್ರು, ಅದ್ಕೆ ಹಿಡಿದ. ಯಾಕೆ ಅವನ್ತಕೇ ಬಂದ್ರು? ಎಡಗಡೀಕೆ ಹೋಗಕ್ಕೆ ಒಬ್ಬನಿಗೂ ಧಮ್ ಇರ್ಲಿಲ್ಲ. ಸುರೂನಲ್ಲಿ ಇಬ್ರು ಹೋದ್ರು, ಇಬ್ರೂನೂ ಮಡಚಿ ಮಡಗ್ದ. ಆಮೇಲೆ ಯಾರ್ ಹೋದ್ರು ಹೇಳಿ?”

ಯಾರೂ ಹೋಗಿರಲಿಲ್ಲ. ನೆನೆಸಿಕೊಂಡರೆ ನಿಜ. ರೈಡಿಗೆ ಬಂದ ಹುಡುಗರೆಲ್ಲ ಗೆರೆ ದಾಟಿದ ಕೂಡಲೇ ಗಾಳಿಗೆ ವಾಲಿದ ಕಬ್ಬಿನ ಹಾಗೆ ಒಂದೇ ಕಡೆಗೆ ಒರಗುತ್ತಿದ್ದರು. ಎಡ ಮೂಲೆಯವನು ಸೊಂಟ ಬಗ್ಗಿಸಿ, ಎರಡು ಅಂಗೈ ತೆರೆದು, ಸುಮ್ಮನೆ ನಿಂತಿದ್ದ. ಹಾಗೆ ನಿಂತಿದ್ದಕ್ಕೆ ಹಾಳೆಯಲ್ಲಿ ಕಾಲಮ್ಮೇ ಇಲ್ಲ. ಅಷ್ಟರಲ್ಲಿ ಮೈಕಿನವನು ಬಲ ಮೂಲೆಯವನ ಹೆಸರು ಕೂಗಿಬಿಟ್ಟಿದ್ದ, ಕಪ್ಪು ಕೈ ಸೇರಿತ್ತು. ಕಪ್ಪಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬೆಸ್ಟ್ ರೈಡರ್‌ಗೆ ಕೊಟ್ಟದ್ದು ಮೊಣಕಾಲುದ್ದ ಇತ್ತು. ಕ್ಯಾಚರ್‌ದು ನೀರು ಕುಡಿಯುವ ಚೊಂಬಿಗಿಂತ ಒಂದಿಷ್ಟು ದೊಡ್ಡದು.

ಮಾರನೆಯ ಬೆಳಿಗ್ಗೆ ಡೆನ್ವರ್‌ನಿಂದ ನನ್ನ ತಂಗಿಯ ಮಗನ ಫೋನು. ನಮ್ಮೂರಿಗೂ ಅಮೆರಿಕಕ್ಕೂ ನಂಟು ಹೊಸದೇನಲ್ಲ. ಈಗ ಮೇಲುಕೋಟೆ ಕ್ಷೇತ್ರದ ಶಾಸಕರಾಗಿರುವ ದರ್ಶನ್ ಪುಟ್ಟಣ್ಣಯ್ಯನವರೂ ಅಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸಿಕೊಂಡಿದ್ದವರೇ. ತಂಗಿಯ ಮಗ ಅಲ್ಲಿಗೆ ಹೋಗಿ ಕಬಡ್ಡಿ ಮರೆತು ಫುಟ್ಬಾಲ್ ಹಿಡಿದಿದ್ದಾನೆ. ಕಾಲಲ್ಲಿ ಆಡುವುದಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಿಂಬು ಕಟ್ಟಿಕೊಂಡು ಕೈಯಲ್ಲಿ ಎಸೆದು ಆಡುವುದು. ನನ್ನ ಸಂಕಟ ಹೇಳಿಕೊಂಡೆ. ಅವನಿಗೆ ಖುಷಿಯೋ ಖುಷಿ.

“ಮಾವ, ಇಲ್ಲಿ ಇದೇ ಜಗಳ. ಪಾಸ್ ರಷರ್ ಅಂತ ಇರ್ತಾರೆ.”

ಅವನು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ದೊರೆ. ಚೆಂಡು ಅವನ ಕೈಗೆ ಬರುತ್ತದೆ. ಅವನು ದೂರಕ್ಕೆ ಎಸೆಯುವುದರೊಳಗೆ, ಮುಂದೆ ಗೋಡೆಯ ಹಾಗೆ ನಿಂತ ಭೀಮಕಾಯರನ್ನು ತಳ್ಳಿಕೊಂಡೋ ಸುತ್ತು ಹಾಕಿಯೋ ನುಗ್ಗಿ ಅವನನ್ನು ಕೆಡವಬೇಕು. ಹಾಗೆ ಕೆಡವುವುದು ಪಾಸ್ ರಷರ್ ಕಸುಬು. ಕೆಡವಿದ್ದಕ್ಕೆ ‘ಸ್ಯಾಕ್’ ಅನ್ನುತ್ತಾರೆ. ಡೆನ್ವರ್‌ನ ವಾನ್ ಮಿಲ್ಲರ್ ಅನ್ನುವವನು 2016ರ ಫೆಬ್ರವರಿಯಲ್ಲಿ 50ನೆಯ ಸೂಪರ್ ಬೌಲ್‌ನಲ್ಲಿ ಎರಡು ಸಲ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಚೆಂಡು ಉದುರಿಸಿದನಂತೆ. ಡೆನ್ವರ್ 24–10ರಲ್ಲಿ ಗೆದ್ದಿತು. ಪಂದ್ಯಪುರುಷ ಪ್ರಶಸ್ತಿಯೂ ಅವನಿಗೇ. ತಡೆಯುವವನಿಗೆ ಅಷ್ಟು ದೊಡ್ಡ ಪಂದ್ಯದ ಬಹುಮಾನ ಕೊಟ್ಟರಲ್ಲ ಅಂತ ಆ ದೇಶದ ಮೇಲೆ ನನಗೆ ಸ್ವಲ್ಪ ಗೌರವ ಬಂತು.

ಆ ಆಟದ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಇರುವುದು ಓಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ. 1963ರಲ್ಲಿ ಬಾಗಿಲು ತೆರೆದದ್ದು. ಆಟ ಬಿಟ್ಟು ಐದು ವರ್ಷ ಕಳೆದ ಮೇಲೆಯೇ ಒಬ್ಬನ ಹೆಸರು ವಿಚಾರಕ್ಕೆ ಬರುವುದು. ಮತ ಹಾಕುವವರಲ್ಲಿ ನೂರಕ್ಕೆ ಎಂಬತ್ತು ಜನ ಹೂಂ ಅನ್ನಬೇಕು. ಐದು ವರ್ಷ! ನನಗೆ ಸಿಕ್ಕಿದ್ದು ಐದು ನಿಮಿಷ. ಅದರಲ್ಲೂ ಎರಡು ನಿಮಿಷ ಪೆನ್ನು ಹುಡುಕುವುದರಲ್ಲಿ ಹೋಗಿತ್ತು.

ಅವನು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಕೂತದ್ದು ಡೀಕನ್ ಜೋನ್ಸ್ ಕತೆ. 1961ರಿಂದ 1974ರವರೆಗೆ ಆಡಿದವನು. ‘ಸ್ಯಾಕ್’ ಅನ್ನುವ ಮಾತನ್ನು ಚಲಾವಣೆಗೆ ತಂದವನೇ ಅವನು ಅನ್ನುತ್ತಾರೆ. ಆದರೆ ಸ್ಯಾಕುಗಳನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1982ರಲ್ಲಿ. ಅಂದರೆ ಕಡತದ ಪ್ರಕಾರ ಅವನ ಖಾತೆಯಲ್ಲಿರುವುದು ಸೊನ್ನೆ. ಹಾಗಿದ್ದೂ 1980ರಲ್ಲೇ ಅವನನ್ನು ಕ್ಯಾಂಟನ್ ಒಳಗೆ ಕರೆದುಕೊಂಡಿದ್ದರು. ಎಣಿಸುವ ಪದ್ಧತಿ ಬರುವುದಕ್ಕೆ ಎರಡು ವರ್ಷ ಮೊದಲೇ! ಯಾವ ಹಾಳೆ ನೋಡಿ ಒಳಗೆ ಬಿಟ್ಟರು? ಕಣ್ಣಲ್ಲಿ ಕಂಡವರ ಮಾತು ಕೇಳಿ ಬಿಟ್ಟರು. ಹಳೆಯ ಪಂದ್ಯಗಳ ದಾಖಲೆ ಕೆದಕಿ ಅವನದು 173.5 ಅಂತ ಲೆಕ್ಕ ಕಟ್ಟಿದ್ದು ಎಷ್ಟೋ ವರ್ಷದ ಮೇಲೆ.

ಎಣಿಸಲು ಶುರು ಮಾಡಿದ ಮೇಲೆ ಆದದ್ದನ್ನೂ ಕೇಳಿ. ಮೈಕೆಲ್ ಸ್ಟ್ರೇಹನ್ ಅನ್ನುವವನಿಗೆ ಒಂದೇ ಋತುವಿನ ಹಳೆಯ ದಾಖಲೆ ಮುರಿಯಲು ಇನ್ನೊಂದು ಸ್ಯಾಕ್ ಬೇಕಾಗಿತ್ತು. 2002ರ ಜನವರಿ, ಅವನ ತಂಡದ ಕೊನೆಯ ಪಂದ್ಯ, ಆಟ ಇನ್ನೇನು ಮುಗಿಯಬೇಕು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ ಓಡಿ ಬಂದು ಇವನ ಕಾಲ ಬುಡದಲ್ಲಿ ಜಾರಿ ಮಲಗಿದ. ಇವನು ಮೇಲೆ ಕೈಯಿಟ್ಟ. ದಾಖಲೆ 22.5 ಆಯಿತು. ಸ್ನೇಹಕ್ಕೆ ಮಲಗಿದ ಅಂತ ಇವತ್ತಿಗೂ ಜನ ಆಡಿಕೊಳ್ಳುತ್ತಾರೆ. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಓದಿಸುವುದಿಲ್ಲವೆ, ಹಾಗೆ. ಸ್ಟ್ರೇಹನ್ 2014ರಲ್ಲಿ ಕ್ಯಾಂಟನ್ ಸೇರಿದ. ಅದು ಬೇರೆ ಮಾತು. ಆ ಒಂದು ಮುಯ್ಯಿ ಇಲ್ಲದಿದ್ದರೂ ಸೇರುತ್ತಿದ್ದನೇ.

ಇನ್ನು ನಮ್ಮ ಕಬಡ್ಡಿಯ ಲೆಕ್ಕಕ್ಕೆ ಬರುತ್ತೇನೆ. ಲೆಕ್ಕವೇ ರೈಡರ್ ಪರವಾಗಿ ಹುಟ್ಟಿದ್ದು. ರೈಡಿಗೆ ಹೋದವನು ಮೂರು ಜನರನ್ನು ಮುಟ್ಟಿ ಬೋನಸ್ ಗೆರೆಯನ್ನೂ ತುಳಿದು ಬಂದರೆ ಮೂವತ್ತು ಸೆಕೆಂಡಿನಲ್ಲಿ ನಾಲ್ಕು ಪಾಯಿಂಟು. 2017ರಲ್ಲಿ ಪ್ರೊ ಕಬಡ್ಡಿಯ ಒಂದು ನಾಕೌಟ್ ಪಂದ್ಯದಲ್ಲಿ ಪ್ರದೀಪ್ ನರ್ವಾಲ್ ಒಂದೇ ರೈಡಿನಲ್ಲಿ ಎಂಟು ಬಾಚಿಕೊಂಡು ಬಂದ. ಆ ಪಂದ್ಯದಲ್ಲಿ ಅವನ ಒಟ್ಟು ರೈಡ್ ಪಾಯಿಂಟು 34. ಹಿಡಿಯುವವನು ಏನೇ ತಿಪ್ಪರಲಾಗ ಹಾಕಿದರೂ ಒಂದು ಸಲಕ್ಕೆ ಒಂದೇ. ಅಂಕಣದಲ್ಲಿ ಮೂರೇ ಜನ ಅಥವಾ ಅದಕ್ಕೂ ಕಮ್ಮಿ ಉಳಿದಿದ್ದಾಗ ಹಿಡಿದರೆ ಸೂಪರ್ ಟ್ಯಾಕಲ್ ಅಂತ ಎರಡು. ಇರಾನಿನ ಫಜಲ್ ಅತ್ರಾಚಲಿ ಆ ಲೀಗಿನಲ್ಲಿ 500 ಟ್ಯಾಕಲ್ ಪಾಯಿಂಟು ಮುಟ್ಟಿದ ಮೊದಲಿಗ, ಅದಕ್ಕೆ ಅವನಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ನರ್ವಾಲ್ ಅಷ್ಟರಲ್ಲಿ 1,700 ದಾಟಿದ್ದ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದೆಂದರೆ ಕಬ್ಬನ್ನೂ ಏಲಕ್ಕಿಯನ್ನೂ ಒಂದೇ ಕಾಟಾದಲ್ಲಿ ತೂಗಿದ ಹಾಗೆ.

ಹಿಡಿಯುವ ಆ ಒಂದು ಕ್ಷಣವನ್ನು ಹತ್ತಿರದಿಂದ ನೋಡಿದ್ದೀರಾ? ಪಂದ್ಯಾವಳಿಯ ರಾತ್ರಿ ನಾನು ಹಗ್ಗದ ಪಕ್ಕದಲ್ಲೇ ಕೂತಿದ್ದೆ. ಎಡ ಮೂಲೆಯವನ ಕಣ್ಣು ರೈಡರ್ ಮುಖದ ಮೇಲೆ ಇರಲೇ ಇಲ್ಲ, ಪಾದದ ಮೇಲಿತ್ತು. ರೈಡರ್ ಬೋನಸ್ ಗೆರೆಯತ್ತ ಬಲಗಾಲು ಚಾಚಿದ. ಹಿಂದಿನ ಕಾಲು ಇನ್ನೂ ನೆಲ ಬಿಟ್ಟಿಲ್ಲ, ಚಾಚಿದ್ದರ ಮೇಲೆ ಭಾರ ಬಿತ್ತು. ಅಷ್ಟೇ. ಹುಡುಗ ನೆಲಕ್ಕೆ ಬಿದ್ದ, ಎರಡು ಕೈಯಲ್ಲೂ ಹರಡು ಸೇರಿಸಿ ಹಿಡಿದ, ಒದೆ ಬೀಳದ ಹಾಗೆ ತಲೆಯನ್ನು ಪಕ್ಕಕ್ಕೆ ಹಾಕಿಕೊಂಡ. ರೈಡರ್ ತಿರುಗಿ ಗೆರೆ ಕಡೆಗೆ ಎಳೆದ. ಇವನು ಎದೆ ಮಣ್ಣಿನಲ್ಲಿ ಉಜ್ಜಿಕೊಂಡು ಒಂದು ಗಜ ಹೋದ, ಬಿಡಲಿಲ್ಲ. ಅಷ್ಟರಲ್ಲಿ ಕವರ್‌ನವನು ಬಂದು ಸೊಂಟಕ್ಕೆ ಬಿದ್ದ, ಮತ್ತಿಬ್ಬರು ಮೇಲೆ ಬಿದ್ದರು. ಎದ್ದಾಗ ಹುಡುಗನ ಮೊಣಕೈ ಚರ್ಮ ಕಿತ್ತು ಬಂದಿತ್ತು. ಅದಕ್ಕೆ ಮಣ್ಣು ಸವರಿಕೊಂಡು ಮತ್ತೆ ಮೂಲೆಗೆ ಹೋಗಿ ನಿಂತ. ಇಂಥದ್ದು ಎರಡೇ ಸಲ. ಮುಂದೆ ಅವನ ಮೂಲೆಗೆ ಕಾಲು ಚಾಚಿದವರಿಲ್ಲ. ಸೊಂಟಕ್ಕೆ ಬಿದ್ದ ಕವರ್‌ನವನ ಹೆಸರು ಯಾವ ಹಾಳೆಯಲ್ಲೂ ಇಲ್ಲ, ಅವನ ಪರವಾಗಿ ನನ್ನ ತೋಳು ಹಿಡಿದವರೂ ಯಾರಿಲ್ಲ.

ತಡೆದವನಿಗೆ ಹೆಸರಿಲ್ಲ ಅನ್ನುವುದು ಇವತ್ತಿನ ರೋಗ ಅಂದುಕೊಳ್ಳಬೇಡಿ. ಚಕ್ರವ್ಯೂಹದ ದಿನ ನೆನೆಸಿಕೊಳ್ಳಿ. ಅಭಿಮನ್ಯು ರೈಡಿಗೆ ಹೋದ, ವಾಪಸು ಬರಲಿಲ್ಲ. ಊರೂರಲ್ಲಿ ಅವನ ಪ್ರಸಂಗ, ನಾಟಕ, ಕಣ್ಣೀರು. ಅವನ ಹಿಂದೆಯೇ ಧರ್ಮರಾಯ, ಭೀಮ, ನಕುಲ, ಸಹದೇವ ನುಗ್ಗಲು ಹೊರಟರಲ್ಲ, ನಾಲ್ಕೂ ಜನರನ್ನು ಬಾಗಿಲಲ್ಲಿ ಒಬ್ಬನೇ ನಿಂತು ತಡೆದವನು ಸೈಂಧವ. ಶಿವನ ವರ ಇತ್ತು, ಒಪ್ಪಿದೆ. ಆದರೂ ಒಂದೇ ದಿನದಲ್ಲಿ ಭೀಮನೂ ಸೇರಿ ನಾಲ್ವರು! ಇವತ್ತಿನ ಭಾಷೆಯಲ್ಲಿ ಅದು ಎಂಥ ಸೂಪರ್ ಟ್ಯಾಕಲ್ ಯೋಚನೆ ಮಾಡಿ. ಪಾಂಡವಪುರ ತಾಲ್ಲೂಕಿನಲ್ಲಿ ಕೂತು ಸೈಂಧವನ ಪರ ವಕಾಲತ್ತು ವಹಿಸಿದರೆ ಕುಂತಿಬೆಟ್ಟದ ಕಲ್ಲುಗಳೇ ಉರುಳಿ ಬಂದಾವು, ಆದರೂ ಹೇಳಿಬಿಟ್ಟೆ. ತಮಾಷೆಯೆಂದರೆ ಮಾರನೆಯ ದಿನ ಅವನ ತಲೆ ತೆಗೆದ ಅರ್ಜುನನ ಹೆಸರಿನಲ್ಲೇ ನಮ್ಮ ದೇಶದ ಪ್ರಶಸ್ತಿ. 2015ರಲ್ಲಿ ಮಂಜೀತ್ ಛಿಲ್ಲರ್‌ನಂಥ ಹಿಡಿತಕ್ಕೆ ಹೆಸರಾದವನೂ ಹೋಗಿ ತೆಗೆದುಕೊಂಡದ್ದು ಅದನ್ನೇ. ನಮ್ಮ ರಾಜ್ಯದ ಪ್ರಶಸ್ತಿಯ ಹೆಸರು ಏಕಲವ್ಯ. ಹೆಬ್ಬೆರಳಿಲ್ಲದವನು ಹರಡು ಹಿಡಿಯುವುದಾದರೂ ಹೇಗೆ?

ನಮ್ಮ ರಾಜ್ಯದ ಕಬಡ್ಡಿಗೆ ಅರ್ಜುನ ಬಂದಿಲ್ಲ ಅಂತಲ್ಲ. ಹೊನ್ನಪ್ಪ, ಬಿ.ಸಿ. ರಮೇಶ್, ತೇಜಸ್ವಿನಿ ಬಾಯಿ, ಕಾರ್ಕಳ ಕಡೆಯ ಮಮತಾ ಪೂಜಾರಿ, ಎಲ್ಲರೂ ತಂದವರೇ. ಅದರಲ್ಲಿ ರಮೇಶ್ ಆಮೇಲೆ ಕೋಚ್ ಆಗಿ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಪ್ಪು ಗೆಲ್ಲಿಸಿಕೊಟ್ಟರು. ಆ ತಂಡ 2.35 ಕೋಟಿ ರೂಪಾಯಿ ಸುರಿದು ಕೊಂಡಿದ್ದು ಇರಾನಿನ ಶಾದ್ಲೂಯಿ ಅನ್ನುವ ಎಡ ಮೂಲೆಯವನನ್ನು. ಅದೇ ಹರಾಜಿನಲ್ಲಿ ರೈಡರ್ ಪವನ್ ಸೆಹ್ರಾವತ್‌ಗೆ ಬಿದ್ದ ಬೆಲೆ 2.605 ಕೋಟಿ. ಮೊಣಕಾಲುದ್ದಕ್ಕೂ ಚೊಂಬಿಗೂ ಇದ್ದ ಅಂತರ ಅಲ್ಲಿ ಇಲ್ಲ. ದುಡ್ಡು ಹಾಕುವವನಿಗೆ ಮೂಲೆಯ ಬೆಲೆ ನಮ್ಮ ಸಮಿತಿಗಿಂತ ಚೆನ್ನಾಗಿ ಗೊತ್ತು.

ಹಾಗೆ ನೋಡಿದರೆ ನಮ್ಮ ಹಳಬರಿಗೂ ಗೊತ್ತಿತ್ತು. ವೀರಗಲ್ಲುಗಳನ್ನು ನೋಡಿ. ತುರು ಹೊಡೆದುಕೊಂಡು ಹೋಗಲು ಬಂದವರು ರೈಡರ್‌ಗಳು, ಅಡ್ಡ ನಿಂತು ಸತ್ತವನು ಕ್ಯಾಚರ್. ಊರಿನವರು ಕಲ್ಲು ನಿಲ್ಲಿಸಿದ್ದು ಅಡ್ಡ ನಿಂತವನಿಗೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರ ಮೆರವಣಿಗೆ, ಮೇಲೆ ಕೈಲಾಸ. ಕ್ಯಾಂಟನ್‌ನಲ್ಲಿ ಕಂಚಿನ ತಲೆ ಮಾತ್ರ ಮಾಡಿಡುತ್ತಾರೆ, ಅಪ್ಸರೆಯರ ಸೌಕರ್ಯ ಇಲ್ಲ.

ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಂತೂ ನನಗೆ ಎಲ್ಲಕ್ಕಿಂತ ಇಷ್ಟ. ಮದ್ದೂರು ತಾಲ್ಲೂಕಿನದು, ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಕಾಳಿ ಹಿಡಿದ ಪಟ್ಟು ಬಿಡಲಿಲ್ಲ, ಹಂದಿಯೂ ಬಿಡಲಿಲ್ಲ, ಎರಡೂ ಅಲ್ಲೇ ಸತ್ತವು. ನಾಯಿಯ ಹೆಸರಿನಲ್ಲಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಉಣ್ಣಬಾರದು ಅಂತಲೂ ಕಂಡರಿಸಿದರು. ಕಾಳಿಯ ಖಾತೆಯಲ್ಲಿ ಎಷ್ಟು ಹಂದಿ ಅಂತ ಯಾರೂ ಕೇಳಲಿಲ್ಲ. ಕಲ್ಲಿನಲ್ಲಿ ಇರುವುದು ಒಂದೇ ಹಂದಿ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತಡೆಯುವ ಮಾತು ಬಂದಾಗ ಕ್ಯಾತನಹಳ್ಳಿಯಲ್ಲಿ ನಮ್ಮೂರಿನವರೇ ಆದ ರೈತ ಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ರೈತ ಸಂಘ ಹುಟ್ಟಿದ್ದು 1980ರಲ್ಲಿ. ಆಗಿನ ದಿನಗಳಲ್ಲಿ ಸಾಲ ವಸೂಲಿಗೆ ಅಂತ ಜೀಪು ತಂದು ಪಾತ್ರೆ ಪಗಡ ಜಫ್ತಿ ಮಾಡುವವರು ಬಂದರೆ, ಅಪ್ಪಣೆಯಿಲ್ಲದೆ ಊರೊಳಗೆ ಕಾಲಿಡಬೇಡಿ ಅಂತ ಹಳ್ಳಿಗಳ ಬಾಯಲ್ಲೇ ಬೋರ್ಡು ನೆಡುತ್ತಿದ್ದರು. ಗೆರೆ ಎಳೆದು ಮೂಲೆಯಲ್ಲಿ ನಿಲ್ಲುವುದೆಂದರೆ ಅದೇ ಅಲ್ಲವೆ? 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಅವರು ಶಾಸಕರಾದರು. ಕೊನೆಗೆ 2018ರ ಫೆಬ್ರವರಿ 18ರ ರಾತ್ರಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಾ ಕೂತಿದ್ದಾಗಲೇ ಹೃದಯಾಘಾತವಾಗಿ ಹೋಗಿಬಿಟ್ಟರು. ಆ ಸುದ್ದಿ ಬಂದ ರಾತ್ರಿ ನಮ್ಮೂರು ಮಲಗಲಿಲ್ಲ. ಇಂದಿಗೂ ಇಲ್ಲಿ ಕಬಡ್ಡಿ ಮೈಕು ಕಟ್ಟಿದರೆ ಯಾರಾದರೊಬ್ಬರು ಅವರ ಮಾತು ತೆಗೆಯದೆ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಿರುದ್ಧವೇ ಒಂದು ಮಾತು. ಯಾರೂ ಹತ್ತಿರ ಬರಲಿಲ್ಲ ಅನ್ನುವುದೇ ಯೋಗ್ಯತೆಯಾದರೆ ಸೋಮಾರಿಗಳಿಗೆಲ್ಲ ಕಪ್ಪು ಕೊಡಬೇಕಾಗುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟರೊಬ್ಬರಿದ್ದರು. ಮೂವತ್ತು ವರ್ಷದಲ್ಲಿ ಅವರ ಹತ್ತಿರ ಒಬ್ಬ ಹುಡುಗನೂ ಸಂಶಯ ಕೇಳಿಕೊಂಡು ಹೋಗಲಿಲ್ಲ. ‘ನನ್ನ ಪಾಠ ಅಷ್ಟು ಸ್ಪಷ್ಟ’ ಅನ್ನುತ್ತಿದ್ದರು. ಹುಡುಗರನ್ನು ಕೇಳಿದರೆ ಗೊತ್ತಾಗುತ್ತಿತ್ತು, ಅವರ ಕೈಯಲ್ಲಿ ಸದಾ ಹುಣಸೆ ಬರಲು ಇರುತ್ತಿತ್ತು. ರೈಡರ್ ಎಡಕ್ಕೆ ಹೋಗದಿರಲು ನೂರು ಕಾರಣ ಇರಬಹುದು: ಬಲಗಾಲು ಉಳುಕಿರಬಹುದು, ಆ ಕಡೆ ಲೈಟು ಕಣ್ಣಿಗೆ ಹೊಡೆಯುತ್ತಿರಬಹುದು, ಬಲಗಡೆ ಅವನಿಗೆ ಆಗಬೇಕಾದ ಹುಡುಗಿ ಕೂತಿರಬಹುದು.

ವರ್ಷಗಟ್ಟಲೆ ನಿಂತವನಿಗೋ, ಎರಡು ವರ್ಷ ಮಿಂಚಿ ಮಂಡಿ ಮುರಿದುಕೊಂಡು ಕೂತವನಿಗೋ ಅನ್ನುವ ಜಗಳವೂ ಇದೆ. ತಮಿಳುನಾಡಿನ ಧರ್ಮರಾಜ್ ಚೇರಲಾತನ್ ನಲವತ್ತು ದಾಟಿದ ಮೇಲೂ ಪ್ರೊ ಕಬಡ್ಡಿಯಲ್ಲಿ ಬಲ ಮೂಲೆ ಕಾದರು. ಅಂಥವರ ವಿಷಯದಲ್ಲಿ ಯಾವ ಸಮಿತಿಗೂ ನಿದ್ದೆ ಕೆಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮಂಡಿ ಮುರಿದುಕೊಂಡವರೇ ಹೆಚ್ಚು. ಅವರೆಲ್ಲ ಈಗ ಹಾಲಿನ ಡೇರಿ ಮುಂದೆ ಕುಂಟುತ್ತಾ ನಿಂತಿರುತ್ತಾರೆ. ಕೇಳಿದರೆ ಯಾವ ಊರಿನ ಯಾವ ರೈಡರ್‌ನನ್ನು ಯಾವ ಹಬ್ಬದಲ್ಲಿ ಹಿಡಿದೆ ಅಂತ ಹೇಳುತ್ತಾರೆ. ಅವರದೂ ಡೀಕನ್ ಜೋನ್ಸ್ ಥರದ ಸೊನ್ನೆ ಖಾತೆಯೇ.

ಮೊನ್ನೆ ಸಂತೆಗೆ ಹೋದಾಗ ಆ ಮೊಣಕಾಲುದ್ದದ ಕಪ್ಪಿನ ರೈಡರ್ ಹುಡುಗ ಸಿಕ್ಕಿದ. ಫೈನಲ್‌ನಲ್ಲಿ ನಮ್ಮ ಎಡ ಮೂಲೆಯವನ ಎದುರು ಆಡಿದವನು ಅವನೇ. ಟೀ ಕುಡಿಸಿ ನೇರವಾಗಿ ಕೇಳಿದೆ.

“ಎಡಗಡೆ ಯಾಕಪ್ಪ ಹೋಗಲಿಲ್ಲ?”

ಹುಡುಗ ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ಹರಡು ತೋರಿಸಿದ. ಹತ್ತು ದಿನ ಕಳೆದಿದ್ದರೂ ಬೆರಳಿನ ಗುರುತು ಹಸಿರುಗಟ್ಟಿಕೊಂಡು ಹಾಗೇ ಇತ್ತು.

“ಒಂದ್ಸಲ ಹೋಗಿದ್ನಲ್ಲ ಸಾರ್” ಅಂದ.

ನನಗೆ ಬೇಕಾದ ಸಾಕ್ಷಿ ಸಿಕ್ಕಿತು. ಕ್ಯಾಚರ್ ಯೋಗ್ಯನೋ ಅಲ್ಲವೋ ಅನ್ನುವುದಕ್ಕೆ ಮತ ಹಾಕಬೇಕಾದವರು ಮೇಷ್ಟರೂ ಅಲ್ಲ, ಮೈಕಿನವರೂ ಅಲ್ಲ, ಎದುರು ತಂಡದ ರೈಡರ್‌ಗಳು. ಕ್ಯಾಂಟನ್‌ನವರು ಇದನ್ನು ಒಪ್ಪುತ್ತಾರೋ ಬಿಡುತ್ತಾರೋ, ನಮ್ಮೂರಿನ ಸಮಿತಿಗೆ ಹೇಳಿದ್ದೇನೆ: ಮುಂದಿನ ವರ್ಷ ನನ್ನನ್ನು ಕೂರಿಸುವುದಾದರೆ, ಚೀಟಿ ಬರೆಯುವ ಮೊದಲು ಸೋತ ತಂಡಗಳ ರೈಡರ್‌ಗಳನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ, ಯಾವ ಮೂಲೆಗೆ ಹೋಗಲು ಮನಸ್ಸು ಬರಲಿಲ್ಲ ಅಂತ ನನ್ನ ಕಿವಿಯಲ್ಲಿ ಹೇಳಿಸಬೇಕು. ಎರಡು ಕಪ್ಪೂ ಒಂದೇ ಅಳತೆಯವು ಇರಬೇಕು. ಮೊದಲನೆಯದಕ್ಕೆ ಕೂಡಲೇ ಒಪ್ಪಿದರು. ಎರಡನೆಯದಕ್ಕೆ, ಹೆಚ್ಚಿನ ದುಡ್ಡು ಯಾರು ಕೊಡುವವರು ಅಂತ ಮುಖ ಮುಖ ನೋಡಿಕೊಂಡರು. ನಾನು ಕೊಡುತ್ತೇನೆ ಅಂದಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.